ಕಡಿಮೆ ಖರ್ಚಲ್ಲಿ ಮನೆಯಲ್ಲೇ ಸಿಎನ್‌ಸಿ ಮಿಲ್ಲಿಂಗ್ ಮೆಷಿನ್ ಕಟ್ಟೋದು ಹೇಗೆ

ಸಿಎನ್‌ಸಿ, ಅಂದರೆ ಕಂಪ್ಯೂಟರ್ ಹೇಳಿದ ಹಾಗೆ ತಾನೇ ಓಡಿ ಕೊರೆಯುವ ಮೆಷಿನ್, ಕಟ್ಟಬೇಕು ಅಂತ ಹೊರಟವರಲ್ಲಿ ಬಹಳ ಜನ ಮೊದಲು ಕೊಳ್ಳುವುದು ಮೋಟಾರು, ಅದಕ್ಕೆ ಕರೆಂಟ್ ಕೊಡುವ ಡ್ರೈವರು, ಡ್ರೈವರಿಗೆ ಅಪ್ಪಣೆ ಕೊಡುವ ಕಂಟ್ರೋಲರು. ಪೆಟ್ಟಿಗೆ ಬಿಚ್ಚಿ ಮೇಜಿನ ಮೇಲಿಟ್ಟು ವೈರ್ ಜೋಡಿಸಿದರೆ ಶಾಫ್ಟ್ ತಿರುಗುತ್ತದೆ, ಖುಷಿಯಾಗುತ್ತದೆ. ಆದರೆ ಮೆಷಿನ್ನಿನ ಹಣೆಬರಹ ಬರೆಯುವುದು ಚೌಕಟ್ಟು ಮತ್ತು ಭಾಗಗಳು ಜಾರಿ ಓಡುವ ರೈಲು. ಮೋಟಾರ್ ಸಣ್ಣದಾದರೆ ನಿಧಾನವಾಗಿ ಓಡಿಸಬಹುದು. ಕಂಟ್ರೋಲರ್ ಸಾಲದಾದರೆ ಮುಂದೆ ಬದಲಿಸಬಹುದು. ಚೌಕಟ್ಟು ಬಾಗುತ್ತಿದ್ದರೆ ಯಾವ ಸಾಫ್ಟ್‌ವೇರೂ ಅದನ್ನು ನೆಟ್ಟಗೆ ಮಾಡುವುದಿಲ್ಲ. ಹಾಗಾಗಿ ದುಡ್ಡು ಹಾಕುವ ಕ್ರಮ ಹೀಗಿರಲಿ: ಮೊದಲು ರೈಲು ಮತ್ತು ಅದರ ಮೇಲಿನ ಭಾಗಗಳನ್ನು ಓಡಿಸುವ ಸ್ಕ್ರೂ, ಆಮೇಲೆ ಚೌಕಟ್ಟು, ಆಮೇಲೆ ಬಿಟ್ (ಕೊರೆಯುವ ಅಲಗು) ತಿರುಗಿಸುವ ಸ್ಪಿಂಡಲ್. ಎಲೆಕ್ಟ್ರಾನಿಕ್ಸ್ ಕೊನೆಗೆ.

ಏನು ಕೊರೆಯಬೇಕು, ಎಷ್ಟು ದೊಡ್ಡದು ಬೇಕು

ಮರ, ಪ್ಲೈವುಡ್, ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ), ಅಕ್ರಿಲಿಕ್ ಮಾತ್ರ ಸಾಕಾ, ಅಲ್ಯೂಮಿನಿಯಂ ಕೂಡ ಬೇಕಾ? ಇದನ್ನು ಮೊದಲೇ ತೀರ್ಮಾನಿಸಿ. ಮರಕ್ಕೆ ಸ್ವಲ್ಪ ಅಲುಗುವ ಮೆಷಿನ್ ಕೂಡ ನಡೆಯುತ್ತದೆ. ಅಲ್ಯೂಮಿನಿಯಂ ಕೊರೆಯಲು ಗಟ್ಟಿ ಮೆಷಿನ್ನೇ ಬೇಕು. ಸ್ಟೀಲ್ ಆಸೆ ಸದ್ಯಕ್ಕೆ ಬಿಟ್ಟುಬಿಡಿ. ಅದಕ್ಕೆ ಕಡಿಮೆ ವೇಗ, ಜಾಸ್ತಿ ಟಾರ್ಕ್ (ತಿರುಗಿಸುವ ಬಲ), ಭಾರವಾದ ಮೈ ಮೂರೂ ಬೇಕು. ಮನೆಯಲ್ಲಿ ಕಟ್ಟುವ ಹಗುರ ಮೆಷಿನ್ನಿನಲ್ಲಿ ಈ ಮೂರೂ ಇರುವುದಿಲ್ಲ.

ಇನ್ನು ಅಳತೆ. ಎಲ್ಲರಿಗೂ ದೊಡ್ಡ ಮೆಷಿನ್ನೇ ಬೇಕು. "ಯಾವತ್ತಾದರೂ ಬೇಕಾಗಬಹುದು" ಅಂತ ಒಂದು ಮೀಟರ್ ಉದ್ದಕ್ಕೆ ಹೋಗುತ್ತಾರೆ. ನನ್ನ ಸಲಹೆ, ಮೊದಲ ಮೆಷಿನ್ ಆದರೆ ಕೆಲಸದ ಜಾಗ 300 × 300 ಮಿ.ಮೀ., ಎತ್ತರದಲ್ಲಿ 80ರಿಂದ 100 ಮಿ.ಮೀ. ಚಲನೆ. ಇಷ್ಟು ಸಾಕು. ಯಾಕೆ ಅನ್ನೋದಕ್ಕೆ ಒಂದು ಲೆಕ್ಕ ನೋಡಿ.

ಎರಡು ತುದಿಯಲ್ಲಿ ಆನಿಸಿದ ರಾಡ್‌ನ ನಡುವೆ ಭಾರ ಹೇರಿದರೆ ಅದು ಎಷ್ಟು ಬಾಗುತ್ತದೆ ಅನ್ನುವುದು ಉದ್ದದ ಘನಕ್ಕೆ ತಕ್ಕಂತೆ ಏರುತ್ತದೆ. ಉದ್ದ ಎರಡು ಪಟ್ಟಾದರೆ ಬಾಗುವುದು ಎಂಟು ಪಟ್ಟು. ದಪ್ಪ 16 ಮಿ.ಮೀ., ಉದ್ದ 600 ಮಿ.ಮೀ. ಇರುವ ಸ್ಟೀಲ್ ರಾಡ್ ತಗೊಳ್ಳಿ. ನಡುವೆ 100 ನ್ಯೂಟನ್, ಅಂದರೆ ಸುಮಾರು 10 ಕಿಲೋ ತೂಕದಷ್ಟು ಒತ್ತಡ ಬಿದ್ದರೆ ಅದು 0.7 ಮಿ.ಮೀ. ಬಾಗುತ್ತದೆ. ಎರಡು ರಾಡ್ ಹಾಕಿದರೆ 0.35. ಅದೇ ಎರಡು ರಾಡ್ 300 ಮಿ.ಮೀ. ಉದ್ದ ಇದ್ದರೆ? 0.04ರ ಆಸುಪಾಸು. ಒಂದೇ ಸಾಮಾನು, ಒಂದೇ ಖರ್ಚು, ಎಂಟು ಪಟ್ಟು ಗಟ್ಟಿ. ಇನ್ನು ರಾಡ್ ದಪ್ಪ 16ರಿಂದ 20ಕ್ಕೆ ಏರಿಸಿದರೆ ಸುಮಾರು 2.4 ಪಟ್ಟು ಗಟ್ಟಿಯಾಗುತ್ತದೆ, ಯಾಕಂದರೆ ಅಲ್ಲಿ ದಪ್ಪದ ನಾಲ್ಕನೇ ಘಾತ ಕೆಲಸ ಮಾಡುತ್ತದೆ. ಆದರೆ ದಪ್ಪಕ್ಕೆ ದುಡ್ಡು ಬೇಕು. ದುಡ್ಡು ಕೊಡದೆ ಗಟ್ಟಿತನ ಸಿಗುವುದು ಉದ್ದ ಕಡಿಮೆ ಮಾಡಿದರೆ ಮಾತ್ರ. ಚಿಕ್ಕದಾಗಿ ಕಟ್ಟಿ.

ಗ್ಯಾಂಟ್ರಿ ಓಡಬೇಕಾ, ಮೇಜು ಓಡಬೇಕಾ

ಎರಡು ಬಗೆಯ ವಿನ್ಯಾಸ ಹೆಚ್ಚು ಬಳಕೆಯಲ್ಲಿದೆ. ಒಂದರಲ್ಲಿ ಮೇಜು ನಿಂತಲ್ಲೇ ಇರುತ್ತದೆ, ಸ್ಪಿಂಡಲ್ ಹೊತ್ತ ಗ್ಯಾಂಟ್ರಿ (ಎರಡು ಕಂಬದ ಮೇಲೆ ಅಡ್ಡ ತೊಲೆ ಇರುವ ಕಮಾನು) ಅದರ ಮೇಲೆ ಹಿಂದೆ ಮುಂದೆ ಓಡಾಡುತ್ತದೆ. ದೊಡ್ಡ ಹಲಗೆ ಕೊರೆಯಲು ಇದೇ ಅನುಕೂಲ. ಇನ್ನೊಂದರಲ್ಲಿ ಗ್ಯಾಂಟ್ರಿ ಬುಡಕ್ಕೆ ಬೋಲ್ಟ್ ಆಗಿ ನಿಂತಿರುತ್ತದೆ, ಮೇಜೇ ಓಡುತ್ತದೆ. ಇದು ಕೆಲಸದ ಜಾಗದ ಸುಮಾರು ಎರಡು ಪಟ್ಟು ಉದ್ದ ತಿನ್ನುತ್ತದೆ. ಆದರೆ ಗ್ಯಾಂಟ್ರಿಯನ್ನು ಬೇಕಾದಷ್ಟು ಭಾರ ಮಾಡಬಹುದು, ಅದನ್ನು ಎಳೆದಾಡುವ ಮೋಟಾರೇ ಇಲ್ಲವಲ್ಲ. ಅಲ್ಯೂಮಿನಿಯಂ ಮನಸ್ಸಿನಲ್ಲಿದ್ದರೆ ಕಣ್ಣು ಮುಚ್ಚಿ ಎರಡನೆಯದನ್ನೇ ಆರಿಸಿ.

ಯಾವುದೇ ಆದರೂ ಒಂದು ಅಳತೆ ಮೇಲೆ ಕಣ್ಣಿರಲಿ: ಗ್ಯಾಂಟ್ರಿಯ ಅಡ್ಡ ತೊಲೆಯಿಂದ ಬಿಟ್‌ನ ತುದಿಯವರೆಗಿನ ದೂರ. ಬಿಟ್ ತುದಿಯಲ್ಲಿ 100 ನ್ಯೂಟನ್ ತಳ್ಳಿದರೆ, ಆ ದೂರ 150 ಮಿ.ಮೀ. ಇದ್ದಾಗ ತೊಲೆಯನ್ನು 15 ನ್ಯೂಟನ್ ಮೀಟರ್ ಬಲ ತಿರುಚುತ್ತದೆ. ತಿರುಚುವಿಕೆಗೆ ತೆರೆದ ಚಾನೆಲ್, ಆಂಗಲ್ ಇವೆಲ್ಲ ಏನೂ ತಡೆಯುವುದಿಲ್ಲ. ನಾಲ್ಕೂ ಕಡೆ ಮುಚ್ಚಿದ ಚೌಕ ಪೈಪ್ ತಡೆಯುತ್ತದೆ. ಹಾಗಾಗಿ ಅಡ್ಡ ತೊಲೆಗೆ 80 × 80 ಮಿ.ಮೀ. ಅಳತೆಯ, ಗೋಡೆ 4 ಮಿ.ಮೀ. ದಪ್ಪದ ಸ್ಟೀಲ್ ಪೈಪ್ ಒಳ್ಳೆಯ ಆಯ್ಕೆ. ಗ್ಯಾಂಟ್ರಿಯ ಕೆಳಗೆ ಜಾಗವೂ ಬೇಕಾದಷ್ಟೇ ಬಿಡಿ. 20 ಮಿ.ಮೀ. ಹಲಗೆ ಕೊರೆಯುವವರಿಗೆ 150 ಮಿ.ಮೀ. ಸಂದು ಯಾಕೆ, ಅಲ್ವಾ?

ಚೌಕಟ್ಟು

ಒಂದೇ ಅಳತೆಯ ತುಂಡು ತಗೊಂಡರೆ ಅಲ್ಯೂಮಿನಿಯಂ ಸ್ಟೀಲ್‌ಗಿಂತ ಸುಮಾರು ಮೂರು ಪಟ್ಟು ಜಾಸ್ತಿ ಬಾಗುತ್ತದೆ. ಎಂಡಿಎಫ್ ಐವತ್ತು ಪಟ್ಟಿನ ಆಸುಪಾಸು. ಹಾಗಂತ ಮರ ಕೆಲಸಕ್ಕೆ ಬಾರದು ಅಂತಲ್ಲ. 18 ಮಿ.ಮೀ. ಪ್ಲೈವುಡ್ಡನ್ನು ಒಳಗೆ ಅಡ್ಡಪಟ್ಟಿ ಕೊಟ್ಟು ಪೆಟ್ಟಿಗೆಯ ಹಾಗೆ ಅಂಟಿಸಿದರೆ ಮರ ಕೊರೆಯುವ ಮೆಷಿನ್ನಿಗೆ ಸಾಕಾಗುತ್ತದೆ. ತೇವಕ್ಕೆ ಊದದ ಹಾಗೆ ಎಲ್ಲ ಮುಖಕ್ಕೂ ವಾರ್ನಿಷ್ ಹಚ್ಚಿ, ಅಂಚುಗಳನ್ನು ಮರೆಯಬೇಡಿ.

ಅಲ್ಯೂಮಿನಿಯಂ ಎಕ್ಸ್‌ಟ್ರೂಷನ್ (ಬೋಲ್ಟ್ ಕೂರುವ ಸಾಲಿರುವ ರೆಡಿಮೇಡ್ ತೊಲೆ) ಸುಲಭದ ದಾರಿ. ಕತ್ತರಿಸಿ ಬೋಲ್ಟ್ ಹಾಕಿದರೆ ಆಯಿತು, ತಪ್ಪಿದರೆ ಬಿಚ್ಚಿ ಮತ್ತೆ ಜೋಡಿಸಬಹುದು. 40 × 80 ಅಳತೆಗಿಂತ ಕೆಳಗೆ ಇಳಿಯಬೇಡಿ. 20 × 20ರದ್ದು ತ್ರೀಡಿ ಪ್ರಿಂಟರ್‌ಗೆ ಸರಿ, ಕೊರೆಯುವ ಮೆಷಿನ್ನಿಗಲ್ಲ.

ದುಡ್ಡಿಗೆ ಜಾಸ್ತಿ ಗಟ್ಟಿತನ ಕೊಡುವುದು ಸ್ಟೀಲ್ ಪೈಪ್. ಅದರ ತೊಂದರೆ ವೆಲ್ಡಿಂಗ್. ಬಿಸಿಯಾದ ಕಡೆ ಎಳೆದುಕೊಂಡು ಚೌಕಟ್ಟು ಸೊಟ್ಟಗಾಗುತ್ತದೆ. ಎಲ್ಲ ಮೂಲೆಗೂ ಮೊದಲು ಚಿಕ್ಕ ಟ್ಯಾಕ್ (ಚುಕ್ಕೆಯಷ್ಟು ವೆಲ್ಡ್) ಹಾಕಿ, ಕರ್ಣ ಅಳೆದು, ಆಮೇಲೆ ಎದುರು ಬದುರು ಮೂಲೆಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ವೆಲ್ಡ್ ಮಾಡಿ. ಇಷ್ಟಾದರೂ ರೈಲು ಕೂರುವ ಮುಖ ನೇರವಾಗಿ ಬರುವುದಿಲ್ಲ. ಅದನ್ನು ದೊಡ್ಡ ಮೆಷಿನ್ನಿನಲ್ಲಿ ಕೊರೆಸಲು ಹೋದರೆ ಬಜೆಟ್ ಮುಗಿಯಿತು.

ಅದಕ್ಕೊಂದು ಉಪಾಯ ಇದೆ. ಎರಡೂ ರೈಲು ಕೂರುವ ಪೈಪ್‌ಗಳ ಮೇಲೆ ಟೇಪ್ ಅಥವಾ ಫೋಮ್ ಪಟ್ಟಿಯಿಂದ ಅಂಚು ಕಟ್ಟಿ. ಎರಡನ್ನೂ ಸೇರಿಸುವ ಹಾಗೆ ಅಡ್ಡಕ್ಕೆ ಒಂದು ಕಾಲುವೆ ಮಾಡಿ. ಚೌಕಟ್ಟನ್ನು ಕೈಲಾದಷ್ಟು ಮಟ್ಟಕ್ಕೆ ತಂದು, ತೆಳುವಾಗಿ ಹರಿಯುವ, ನಿಧಾನಕ್ಕೆ ಗಟ್ಟಿಯಾಗುವ ಎಪಾಕ್ಸಿ ಸುರಿಯಿರಿ. ಕಾಲುವೆ ಮೂಲಕ ಹರಿದು ಎರಡೂ ಕಡೆ ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಅಂಚುಗಳ ಹತ್ತಿರ ಅದು ಸ್ವಲ್ಪ ಮೇಲಕ್ಕೆ ಏರಿರುತ್ತದೆ, ಆ ಭಾಗವನ್ನು ಆಮೇಲೆ ಕೆರೆದು ತೆಗೆಯಿರಿ. ಅದಕ್ಕೇ ಅಂಚು ಕಟ್ಟುವಾಗ ರೈಲಿಗಿಂತ ಎರಡೂ ಕಡೆ 10 ಮಿ.ಮೀ. ಅಗಲ ಬಿಟ್ಟಿರಬೇಕು. ಪೂರ್ತಿ ಗಟ್ಟಿಯಾಗುವವರೆಗೆ ಚೌಕಟ್ಟನ್ನು ಮುಟ್ಟಬೇಡಿ, ಹತ್ತಿರ ಸುತ್ತಿಗೆ ಕೆಲಸವೂ ಬೇಡ.

ರೈಲು

ಬರಿಯ ರಾಡ್ ಮತ್ತು ಲೀನಿಯರ್ ಬೇರಿಂಗ್ ಅಗ್ಗ. 300 ಮಿ.ಮೀ. ಒಳಗೆ, ಮರಕ್ಕೆ ಮಾತ್ರ ಆದರೆ ನಡೆಯುತ್ತದೆ. ಅದಕ್ಕಿಂತ ಮೇಲಿನದು ಉದ್ದಕ್ಕೂ ಅಡಿಯಲ್ಲಿ ಆಧಾರ ಇರುವ ಎಸ್‌ಬಿಆರ್16. ಅದರಲ್ಲಿ ರಾಡ್ ಬಾಗುವುದಿಲ್ಲ, ಆದರೆ ಬೇರಿಂಗ್ ಒಂದು ಕಡೆ ತೆರೆದಿರುವುದರಿಂದ ಮೇಲಕ್ಕೆ ಎಳೆದಾಗ ಸ್ವಲ್ಪ ಲೂಸು. ಒಳ್ಳೆಯದು ಅಂದರೆ ಎಚ್‌ಜಿಆರ್15 ಅಥವಾ 20ರಂಥ, ದುಂಡಗಿನ ರಾಡಿನ ಬದಲು ಚೌಕ ಪಟ್ಟಿಯ ಹಾಗಿರುವ ಪ್ರೊಫೈಲ್ ರೈಲು. ಬಜೆಟ್ ಒಂದೇ ಕಡೆ ಹಿಗ್ಗಿಸಬಹುದು ಅನ್ನುವುದಾದರೆ ಇಲ್ಲೇ ಹಿಗ್ಗಿಸಿ.

ಹಳೆಯ ಮೆಷಿನ್ ಬಿಚ್ಚಿದ ರೈಲು ಸಿಕ್ಕರೆ ಖಂಡಿತ ನೋಡಿ. ಅದರ ಗಾಡಿಯನ್ನು (ರೈಲಿನ ಮೇಲೆ ಜಾರುವ ಬ್ಲಾಕು) ಒಂದೇ ಬೆರಳಲ್ಲಿ ನಿಧಾನಕ್ಕೆ ತಳ್ಳಿ. ಮರಳು ಸಿಕ್ಕಿದ ಹಾಗೆ ಕರಕರ ಅಂದರೆ ಒಳಗೆ ಬರೀ ಕೊಳೆ ಇರಬಹುದು, ತೊಳೆದರೆ ಸರಿಹೋಗುತ್ತದೆ. ಒಂದೇ ಜಾಗದಲ್ಲಿ ಪ್ರತಿ ಸಲ ಕಟಕ್ ಅಂತ ತಡೆದರೆ ಗುಂಡು ಓಡುವ ಹಾದಿಯೇ ಹಾಳಾಗಿದೆ, ಬಿಟ್ಟುಬಿಡಿ. ಇನ್ನೊಂದು ಮಾತು: ಗಾಡಿಯನ್ನು ಸುಮ್ನೆ ರೈಲಿನಿಂದ ಎಳೆದು ತೆಗೆಯಬೇಡಿ. ಗುಂಡು ತಡೆಯುವ ತಂತಿ ಇಲ್ಲದ ಗಾಡಿಯಾದರೆ ಎಲ್ಲ ಗುಂಡುಗಳೂ ನೆಲಕ್ಕೆ ಉದುರುತ್ತವೆ. ಅದರ ಜೊತೆ ಬರುವ ಪ್ಲಾಸ್ಟಿಕ್ ಪಟ್ಟಿಯನ್ನು ರೈಲಿನ ತುದಿಗೆ ಹಚ್ಚಿ, ಅದರ ಮೇಲಕ್ಕೆ ಜಾರಿಸಿ. ಮುಂದೆ ಬರುವ ಬಾಲ್ ಸ್ಕ್ರೂವಿನ ನಟ್ಟಿನೊಳಗೂ ಗುಂಡುಗಳಿರುತ್ತವೆ, ಅದಕ್ಕೂ ಇದೇ ಎಚ್ಚರಿಕೆ.

ಜೋಡಿಸುವಾಗ ಒಂದು ರೈಲನ್ನು ನೇರ ಪಟ್ಟಿಗೆ ಒತ್ತಿ ಹಿಡಿದು ಪೂರ್ತಿ ಬಿಗಿ ಮಾಡಿ. ಎರಡನೆಯದರ ಬೋಲ್ಟ್‌ಗಳನ್ನು ಲೂಸಾಗಿ ಬಿಡಿ. ಗ್ಯಾಂಟ್ರಿ ಅಥವಾ ಮೇಜಿನ ಪ್ಲೇಟನ್ನು ಎರಡೂ ರೈಲಿನ ಗಾಡಿಗಳಿಗೆ ಬಿಗಿದು ಒಂದು ತುದಿಗೆ ತಳ್ಳಿ, ಅಲ್ಲಿನ ಬೋಲ್ಟ್ ಬಿಗಿಯಿರಿ. ಇನ್ನೊಂದು ತುದಿಗೆ ತಳ್ಳಿ, ಅಲ್ಲೂ ಬಿಗಿಯಿರಿ. ಆಮೇಲೆ ನಡುವಿನವು. ಎರಡನೆಯ ರೈಲು ತಾನಾಗಿ ಮೊದಲನೆಯದಕ್ಕೆ ಸಮಾನಾಂತರ ಬರುತ್ತದೆ. ಉದ್ದಕ್ಕೂ ಒಂದೇ ಸಮ ಜಾರಬೇಕು. ತುದಿಯಲ್ಲಿ ಬಿಗಿಯಾದರೆ ಮೋಟಾರ್ ಹಾಕುವ ಮೊದಲೇ ಸರಿಮಾಡಿ.

ಸ್ಕ್ರೂ ಮತ್ತು ಮೋಟಾರ್

ಟಿ8 ಲೀಡ್ ಸ್ಕ್ರೂ ಅಗ್ಗ, ಆದರೆ 8 ಮಿ.ಮೀ. ದಪ್ಪ ಅಷ್ಟೇ, ಉದ್ದವಾದರೆ ಅಲುಗಾಡುತ್ತದೆ. 16 ಮಿ.ಮೀ. ದಪ್ಪ, ಒಂದು ಸುತ್ತಿಗೆ 5 ಮಿ.ಮೀ. ಚಲಿಸುವ ಎಸ್‌ಎಫ್‌ಯು1605 ಬಾಲ್ ಸ್ಕ್ರೂ ಮನೆಮೆಷಿನ್ನಿಗೆ ಹೇಳಿ ಮಾಡಿಸಿದ್ದು. ಚಿಕ್ಕ ಮೆಷಿನ್ನಿಗೆ 1204 ಸಾಕು. 1605 ಆದರೆ ಮೋಟಾರ್ ಕಡೆ ಬಿಕೆ12, ಇನ್ನೊಂದು ತುದಿಗೆ ಬಿಎಫ್12 ಬೇರಿಂಗ್ ಬ್ಲಾಕ್ ಹಾಕಿ. ಸ್ಕ್ರೂವಿನ ಉದ್ದಕ್ಕೆ ಬರುವ ತಳ್ಳಾಟವನ್ನೆಲ್ಲ ತಡೆಯುವುದು ಬಿಕೆ ಬ್ಲಾಕು. ಅದನ್ನು ಬಿಟ್ಟು ಸ್ಕ್ರೂವನ್ನು ನೇರ ಮೋಟಾರ್ ಶಾಫ್ಟ್‌ಗೆ ಕಟ್ಟಿದರೆ ಮೋಟಾರಿನ ಒಳಗಿನ ಅಲುಗಾಟವೆಲ್ಲ ನಿಮ್ಮ ಕೆಲಸದ ತುಂಡಿನಲ್ಲಿ ಕಾಣಿಸುತ್ತದೆ. ಮೋಟಾರ್ ಶಾಫ್ಟನ್ನೂ ಸ್ಕ್ರೂವನ್ನೂ ಸೇರಿಸಲು ಸುರುಳಿ ಸೀಳಿದ ಅಗ್ಗದ ಕಪ್ಲಿಂಗ್ ಕೂಡ ಬೇಡ, ಅದು ಸ್ಪ್ರಿಂಗ್ ಥರ ತಿರುಚಿಕೊಳ್ಳುತ್ತದೆ.

ಬಾಲ್ ಸ್ಕ್ರೂಗೆ ಒಂದು ಗುಣ ಇದೆ: ಕರೆಂಟ್ ಹೋದರೆ ಝಡ್, ಅಂದರೆ ಮೇಲೆ ಕೆಳಗೆ ಹೋಗುವ, ಅಕ್ಷದ ಸ್ಪಿಂಡಲ್ ತನ್ನ ಭಾರಕ್ಕೇ ಕೆಳಗೆ ಜಾರಬಹುದು. ಆಫ್ ಮಾಡುವ ಮೊದಲು ಅಡಿಯಲ್ಲಿ ಒಂದು ಮರದ ತುಂಡು ಇಡಿ.

ಮೋಟಾರ್ ನೆಮಾ 23 (ಮೋಟಾರಿನ ಮುಖದ ಅಳತೆಯ ಹೆಸರು) ಇರಲಿ, 1.9 ನ್ಯೂಟನ್ ಮೀಟರ್ ಆಸುಪಾಸಿನದು. ಇನ್ನೂ ದೊಡ್ಡದು ಹಾಕಿದರೆ ವೇಗ ಬರುತ್ತದೆ ಅನ್ನುವುದು ಸುಳ್ಳು. ಹೆಜ್ಜೆ ಹೆಜ್ಜೆಯಾಗಿ ತಿರುಗುವ ಈ ಸ್ಟೆಪ್ಪರ್ ಮೋಟಾರಿನ ಟಾರ್ಕ್ ವೇಗ ಏರಿದಂತೆ ಬೀಳುತ್ತದೆ. ವೇಗದಲ್ಲೂ ಟಾರ್ಕ್ ಉಳಿಯಬೇಕಾದರೆ ಇಂಡಕ್ಟೆನ್ಸ್ (ಕರೆಂಟ್ ಥಟ್ಟನೆ ಏರುವುದನ್ನು ತಡೆಯುವ ಗುಣ) ಕಡಿಮೆ ಇರುವ ಮೋಟಾರ್ ಮತ್ತು ಜಾಸ್ತಿ ವೋಲ್ಟೇಜ್ ಬೇಕು.

ಸ್ಪಿಂಡಲ್

ಮರಗೆಲಸದ ಚಿಕ್ಕ ಟ್ರಿಮ್ ರೂಟರ್ ಇದ್ದರೆ ಅದೇ ಸಾಕು. ವೇಗ ಬದಲಿಸುವ ತಿರುಗುಬಟನ್ ಇರುವುದನ್ನು ಆರಿಸಿ. ಕಿವಿ ಕಿತ್ತುಹೋಗುವಷ್ಟು ಸದ್ದು, ಅಷ್ಟೇ. ಇನ್ನೂ ಸ್ವಲ್ಪ ಖರ್ಚು ಮಾಡುವುದಾದರೆ ವಿಎಫ್‌ಡಿ (ಕರೆಂಟಿನ ಆವರ್ತನ ಬದಲಿಸಿ ವೇಗ ಹೊಂದಿಸುವ ಪೆಟ್ಟಿಗೆ) ಜೊತೆ ಬರುವ 1.5 ಅಥವಾ 2.2 ಕಿಲೋವ್ಯಾಟ್ ಸ್ಪಿಂಡಲ್. ಅದು 400 ಹರ್ಟ್ಸ್‌ನಲ್ಲಿ ನಿಮಿಷಕ್ಕೆ 24,000 ಸುತ್ತು ತಿರುಗುತ್ತದೆ, ಸದ್ದೂ ಕಡಿಮೆ. ವಿಎಫ್‌ಡಿ ಆಫ್ ಮಾಡಿದ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಜೀವಕ್ಕೆ ಕುತ್ತು ತರುವಷ್ಟು ವೋಲ್ಟೇಜ್ ಇರುತ್ತದೆ. ಕೆಲವು ನಿಮಿಷ ಬಿಟ್ಟೇ ಮುಚ್ಚಳ ತೆಗೆಯಿರಿ.

ಎಲೆಕ್ಟ್ರಾನಿಕ್ಸ್ ಮತ್ತು ವೈರಿಂಗ್

ಕಂಟ್ರೋಲರಾಗಿ ಆರ್ಡುಯಿನೋ ಊನೋ ಬೋರ್ಡು, ಅದರ ಮೇಲೆ ಉಚಿತವಾಗಿ ಸಿಗುವ ಜಿಆರ್‌ಬಿಎಲ್ ಸಾಫ್ಟ್‌ವೇರ್. ಮೂರು ಅಕ್ಷಕ್ಕೆ ಮೂರು ಡಿಎಂ542 ಥರದ ಡ್ರೈವರ್. 36 ವೋಲ್ಟ್ ಪವರ್ ಸಪ್ಲೈ. ಸಪ್ಲೈ ಆಂಪಿಯರ್ ಮೂರೂ ಮೋಟಾರಿನ ಮೊತ್ತದಷ್ಟು ಬೇಕಿಲ್ಲ, ಅದರ ಮೂರರಲ್ಲಿ ಎರಡು ಪಾಲು ಸಾಕು ಅನ್ನುವುದು ಬಳಕೆಯ ಲೆಕ್ಕ.

ಮೋಟಾರಿನ ನಾಲ್ಕು ವೈರಿನಲ್ಲಿ ಯಾವೆರಡು ಜೋಡಿ ಅಂತ ಗೊತ್ತಾಗದಿದ್ದರೆ ಎರಡು ವೈರನ್ನು ಒಂದಕ್ಕೊಂದು ಮುಟ್ಟಿಸಿ ಶಾಫ್ಟ್ ತಿರುಗಿಸಿ. ತಡೆದು ತಡೆದು ಗಟ್ಟಿಯಾಗಿ ತಿರುಗಿದರೆ ಅವೇ ಜೋಡಿ. ಡ್ರೈವರ್‌ಗೆ ಕರೆಂಟ್ ಇರುವಾಗ ಮೋಟಾರ್ ವೈರ್ ಕೀಳಬೇಡಿ, ಡ್ರೈವರ್ ಸುಟ್ಟುಹೋಗಬಹುದು.

ಅಕ್ಷದ ತುದಿ ಮುಟ್ಟಿದಾಗ ಮೆಷಿನ್ ನಿಲ್ಲಿಸುವ ಲಿಮಿಟ್ ಸ್ವಿಚ್‌ಗಳನ್ನು ಮಾಮೂಲಿ ಸ್ಥಿತಿಯಲ್ಲಿ ಮುಚ್ಚಿರುವ ಹಾಗೆ ಜೋಡಿಸಿ. ಹಾಗಿದ್ದರೆ ವೈರ್ ತುಂಡಾದಾಗಲೂ ಮೆಷಿನ್ ನಿಲ್ಲುತ್ತದೆ. ಸ್ಪಿಂಡಲ್ ವೈರ್ ಮತ್ತು ಸ್ವಿಚ್ ವೈರ್ ಒಂದೇ ಕೊಳವೆಯಲ್ಲಿ ಬೇಡ. ಸ್ಪಿಂಡಲ್ ಶುರುವಾದ ಕೂಡಲೇ ಮೆಷಿನ್ ಅಲಾರಂ ಕೊಟ್ಟು ನಿಂತರೆ ಮೊದಲು ಅನುಮಾನ ಪಡಬೇಕಾದ್ದು ಅದನ್ನೇ. ಶೀಲ್ಡ್ ಇರುವ ಕೇಬಲ್ ಬಳಸಿ.

ಕೆಂಪು ಎಮರ್ಜೆನ್ಸಿ ಬಟನ್ ಕಡ್ಡಾಯ. ಒತ್ತಿದರೆ ಸ್ಪಿಂಡಲ್ಲೂ ಮೋಟಾರ್ ಡ್ರೈವರೂ ಎರಡೂ ನಿಲ್ಲಬೇಕು, ಸಾಫ್ಟ್‌ವೇರ್ ಕೇಳಿಕೊಂಡು ಅಲ್ಲ. ಲೋಹದ ಚೌಕಟ್ಟಿಗೆ ಅರ್ತಿಂಗ್ ಕೊಡಿ. ಮನೆ ಕರೆಂಟಿನ ವೈರಿಂಗ್ ಗೊತ್ತಿಲ್ಲದಿದ್ದರೆ ಈ ಭಾಗವನ್ನು ಗೊತ್ತಿದ್ದವರ ಕೈಲಿ ಮಾಡಿಸಿ.

ಮೂಲೆಮಟ್ಟ ನೋಡುವುದು

ಅವಸರ ಮಾಡದೆ ಕೂತು ಮಾಡಬೇಕಾದ ಕೆಲಸ ಇದು. ಕೂದಲೆಳೆಯಷ್ಟು ಸರಿದರೂ ಮುಳ್ಳಿನಲ್ಲಿ ತೋರಿಸುವ ಒಂದು ಡಯಲ್ ಗೇಜ್ ಕೊಳ್ಳಿ. ಅದಿಲ್ಲದೆ ಎಲ್ಲವೂ ಅಂದಾಜು.

ಮೊದಲು ಎಕ್ಸ್ ಮತ್ತು ವೈ (ಅಡ್ಡ ಮತ್ತು ಉದ್ದದ ಚಲನೆ) ನಡುವಿನ ಕೋನ. ಒಂದು ಹಲಗೆಯಲ್ಲಿ ಮೆಷಿನ್ನಿನಿಂದಲೇ 300 × 400 ಆಯತದ ನಾಲ್ಕು ಮೂಲೆಗೆ ತೂತು ಹಾಕಿಸಿ. ಮೆಷಿನ್ ಚಿಕ್ಕದಾದರೆ 180 × 240 ಮಾಡಿ. ಎರಡೂ ಕರ್ಣ ಒಂದೇ ಇರಬೇಕು, ದೊಡ್ಡದರಲ್ಲಿ 500, ಚಿಕ್ಕದರಲ್ಲಿ 300 ಮಿ.ಮೀ. ದೊಡ್ಡ ಆಯತದಲ್ಲಿ ಕರ್ಣಗಳ ನಡುವೆ 1 ಮಿ.ಮೀ. ವ್ಯತ್ಯಾಸ ಬಂದರೆ 300 ಮಿ.ಮೀ. ಉದ್ದಕ್ಕೆ ಸುಮಾರು 0.6 ಮಿ.ಮೀ. ಸೊಟ್ಟ ಅಂತ ಅರ್ಥ. ಗ್ಯಾಂಟ್ರಿ ಬೋಲ್ಟ್ ಸಡಿಲಿಸಿ, ಸರಿಸಿ, ಮತ್ತೆ ತೂತು ಹಾಕಿಸಿ ನೋಡಿ.

ಆಮೇಲೆ ಸ್ಪಿಂಡಲ್ ಮೇಜಿಗೆ ನೆಟ್ಟಗಿದೆಯಾ ಅಂತ. ಸ್ಪಿಂಡಲ್ಲಿನ ಪ್ಲಗ್ ಕಿತ್ತು, ಕಾಲೆಟ್‌ನಲ್ಲಿ (ಬಿಟ್ ಹಿಡಿಯುವ ಬಾಯಿ) ಬಾಗಿದ ಒಂದು ಕಂಬಿ ಕಚ್ಚಿಸಿ, ಅದರ ತುದಿಗೆ ಡಯಲ್ ಗೇಜ್ ಕಟ್ಟಿ. ಕೇಂದ್ರದಿಂದ 100 ಮಿ.ಮೀ. ದೂರ ಇರಲಿ. ಮೇಜಿನ ಮೇಲೆ ಒಂದು ದಪ್ಪ ಗಾಜಿನ ತುಂಡು ಇಟ್ಟು ಗೇಜಿನ ಮೂತಿ ಅದಕ್ಕೆ ತಾಗಿಸಿ, ಕೈಯಲ್ಲಿ ನಿಧಾನಕ್ಕೆ ತಿರುಗಿಸಿ. ಎಡ, ಬಲ, ಹಿಂದೆ, ಮುಂದೆ ನಾಲ್ಕು ಕಡೆ ಓದಿ ಬರೆದುಕೊಳ್ಳಿ. ಎದುರು ಬದುರಿನ ವ್ಯತ್ಯಾಸ 0.05ರ ಒಳಗೆ ಬಂದರೆ ಸಂತೋಷಪಡಿ. ಬರದಿದ್ದರೆ ಸ್ಪಿಂಡಲ್ ಪ್ಲೇಟಿನ ಹಿಂದೆ ಶಿಮ್ (ತೆಳು ತಗಡಿನ ತುಂಡು) ಕೊಡಿ. ತಂಪು ಪಾನೀಯದ ಖಾಲಿ ಡಬ್ಬದ ತಗಡು ಸುಮಾರು 0.1 ಮಿ.ಮೀ. ದಪ್ಪ. ಕತ್ತರಿಯಲ್ಲಿ ಕತ್ತರಿಸಿದರೆ ಅದೇ ಒಳ್ಳೆಯ ಶಿಮ್.

ಕೊನೆಗೆ ಗಟ್ಟಿತನದ ಪರೀಕ್ಷೆ. ಸ್ಪಿಂಡಲ್ ಮೂತಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ 5 ಕಿಲೋ ತೋರಿಸುವವರೆಗೆ ಎಳೆಯಿರಿ. ಡಯಲ್ ಗೇಜ್ ಮೇಜಿನ ಮೇಲೆ ನಿಂತು ಸ್ಪಿಂಡಲ್ ಎಷ್ಟು ಸರಿಯಿತು ಅಂತ ನೋಡಲಿ. 0.05 ಮಿ.ಮೀ. ಅಥವಾ ಕಡಿಮೆ ಬಂದರೆ ಅಲ್ಯೂಮಿನಿಯಂಗೆ ಧೈರ್ಯ ಮಾಡಬಹುದು. 0.2 ಬಂದರೆ ಮರಕ್ಕೆ ಸರಿ. ಜಾಸ್ತಿ ಬಂದರೆ ಗೇಜನ್ನು ಝಡ್ ಪ್ಲೇಟಿಗೆ, ತೊಲೆಗೆ, ಕಂಬಕ್ಕೆ ಒಂದೊಂದಾಗಿ ಸರಿಸುತ್ತಾ ಹೋಗಿ. ಯಾವ ಜೋಡಣೆ ದಾಟಿದ ಮೇಲೆ ಓದು ಒಮ್ಮೆಲೇ ಇಳಿಯುತ್ತದೋ ಅಲ್ಲೇ ಕಳ್ಳ ಇದ್ದಾನೆ.

ಜಿಆರ್‌ಬಿಎಲ್ ಸೆಟ್ಟಿಂಗ್

ಮೋಟಾರಿಗೆ ಒಂದು ಸುತ್ತಿಗೆ 200 ಹೆಜ್ಜೆ. ಡ್ರೈವರ್‌ನಲ್ಲಿ ಮೈಕ್ರೋಸ್ಟೆಪ್ 8 ಇಟ್ಟರೆ, ಅಂದರೆ ಒಂದು ಹೆಜ್ಜೆಯನ್ನು ಎಂಟು ಮಾಡಿದರೆ, 1,600. ಸ್ಕ್ರೂ ಒಂದು ಸುತ್ತಿಗೆ 5 ಮಿ.ಮೀ. ಹೋಗುತ್ತದೆ. 1,600 ಭಾಗಿಸು 5 ಅಂದರೆ ಮಿ.ಮೀ.ಗೆ 320. ಇದನ್ನು ಜಿಆರ್‌ಬಿಎಲ್‌ನ $100, $101, $102 ಸೆಟ್ಟಿಂಗ್‌ಗಳಲ್ಲಿ ಬರೆಯಿರಿ. ಊನೋ ಮೇಲಿನ ಜಿಆರ್‌ಬಿಎಲ್ ಸೆಕೆಂಡಿಗೆ ಸುಮಾರು 30,000 ಹೆಜ್ಜೆ ಕೊಡಬಲ್ಲದು. ಆ ಲೆಕ್ಕದಲ್ಲಿ ನಿಮಿಷಕ್ಕೆ 5,600 ಮಿ.ಮೀ. ಗಡಿ, ಮನೆಮೆಷಿನ್ನಿಗೆ ಧಾರಾಳ. ಮೈಕ್ರೋಸ್ಟೆಪ್ 32 ಇಟ್ಟರೆ ನಿಖರತೆ ಬರುವುದಿಲ್ಲ, ಈ ಗಡಿ ಮಾತ್ರ ಕಾಲು ಭಾಗಕ್ಕೆ ಇಳಿಯುತ್ತದೆ.

$110ರಿಂದ $112 ಗರಿಷ್ಠ ವೇಗ, $120ರಿಂದ $122 ವೇಗ ಏರುವ ದರ. ಎರಡನ್ನೂ ಕಡಿಮೆಯಿಂದ ಶುರು ಮಾಡಿ, ಹೆಜ್ಜೆ ತಪ್ಪುವವರೆಗೆ ಏರಿಸಿ, ಅಲ್ಲಿಂದ ಮೂರನೇ ಒಂದು ಭಾಗ ಇಳಿಸಿ. $22 ಹೋಮಿಂಗ್ (ಸ್ವಿಚ್ ಮುಟ್ಟಿ ತನ್ನ ಶುರುವಿನ ಜಾಗ ಹುಡುಕುವುದು), $20 ಸಾಫ್ಟ್ ಲಿಮಿಟ್ (ಗಡಿ ದಾಟದ ಹಾಗೆ ಸಾಫ್ಟ್‌ವೇರೇ ತಡೆಯುವುದು), ಎರಡೂ 1 ಇರಲಿ. $1ಕ್ಕೆ 255 ಕೊಟ್ಟರೆ ಮೋಟಾರ್ ನಿಂತಾಗಲೂ ಹಿಡಿತ ಬಿಡುವುದಿಲ್ಲ.

ಬ್ಯಾಕ್‌ಲ್ಯಾಶ್, ಅಂದರೆ ದಿಕ್ಕು ಬದಲಿಸಿದಾಗ ಕಾಣುವ ಸಡಿಲು, ಅಳೆಯಲು ಗೇಜಿನ ಕಡೆಗೆ 1 ಮಿ.ಮೀ. ಓಡಿಸಿ ಸೊನ್ನೆ ಮಾಡಿ, ಮತ್ತೆ 1 ಮಿ.ಮೀ. ಮುಂದೆ ಹೋಗಿ ಅಷ್ಟೇ ಹಿಂದೆ ಬನ್ನಿ. ಗೇಜ್ ಸೊನ್ನೆಗೆ ಮರಳದಿದ್ದರೆ ಉಳಿದದ್ದೇ ಬ್ಯಾಕ್‌ಲ್ಯಾಶ್. ಜಿಆರ್‌ಬಿಎಲ್ ಇದನ್ನು ಲೆಕ್ಕದಲ್ಲಿ ಸರಿದೂಗಿಸುವುದಿಲ್ಲ, ನಟ್ ಮತ್ತು ಬೇರಿಂಗ್ ಬಿಗಿ ಮಾಡಿಯೇ ಕಡಿಮೆ ಮಾಡಬೇಕು.

ಮೊದಲ ಕಟ್

ಚಿತ್ರ ಬಿಡಿಸಿ ಟೂಲ್ ಹಾದಿ ತೆಗೆಯಲು ಫ್ರೀಕ್ಯಾಡ್, ಮೆಷಿನ್ನಿಗೆ ಕಳಿಸಲು ಯೂನಿವರ್ಸಲ್ ಜಿಕೋಡ್ ಸೆಂಡರ್, ಎರಡೂ ಉಚಿತ. ಫೈಲಿನ ಶುರುವಿನಲ್ಲಿ ಜಿ21, ಅಂದರೆ ಮಿ.ಮೀ. ಲೆಕ್ಕ, ಇದೆಯಾ ನೋಡಿ. ಮೊದಲು ಬಿಟ್ ಬದಲು ಪೆನ್ ಕಟ್ಟಿ ಕಾಗದದ ಮೇಲೆ ಬರೆಸಿ. ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗುಮುರುಗಾಗಿ ಬಂದರೆ ಅಕ್ಷದ ದಿಕ್ಕು ತಿರುಗಿಸುವ $3 ಬದಲಿಸಿ. ನಂತರ ಮೇಜಿಗೆ ಎಂಡಿಎಫ್ ಹಲಗೆ ಬಿಗಿದು, ಅಗಲ ಬಿಟ್ ಹಾಕಿ ಇಡೀ ಮುಖವನ್ನು ಅರ್ಧ ಮಿ.ಮೀ. ಹೆರೆದು ಮಟ್ಟ ಮಾಡಿ.

ವೇಗದ ಲೆಕ್ಕ ಸುಲಭ: ಸುತ್ತು × ಬಿಟ್‌ನ ಹಲ್ಲು × ಒಂದು ಹಲ್ಲು ಕಚ್ಚುವ ದಪ್ಪ. 6 ಮಿ.ಮೀ. ಎರಡು ಹಲ್ಲಿನ ಬಿಟ್, 16,000 ಸುತ್ತು, 0.05 ಮಿ.ಮೀ. ಕಚ್ಚು ಅಂದರೆ ಮರದಲ್ಲಿ ನಿಮಿಷಕ್ಕೆ 1,600 ಮಿ.ಮೀ. ಆಳ 2 ಮಿ.ಮೀ.ಯಿಂದ ಶುರು ಮಾಡಿ. ನಿಧಾನ ಹೋದರೆ ಸೇಫ್ ಅಂದುಕೊಳ್ಳಬೇಡಿ. ತೀರಾ ನಿಧಾನವಾದರೆ ಹಲ್ಲು ಕಚ್ಚದೆ ಉಜ್ಜುತ್ತದೆ, ಮರ ಕಪ್ಪಾಗುತ್ತದೆ, ಬಿಟ್ ಮೊಂಡಾಗುತ್ತದೆ, ಬೆಂಕಿಯೂ ಹತ್ತಬಹುದು. ಮೆಷಿನ್ ಓಡುವಾಗ ಎದ್ದು ಹೋಗಬೇಡಿ. ಕನ್ನಡಕ, ಕಿವಿಗೆ ರಕ್ಷಣೆ, ಎಂಡಿಎಫ್ ಧೂಳಿಗೆ ಒಳ್ಳೆಯ ಮಾಸ್ಕ್ ಬೇಕು. ಕೈಗವಸು ಮಾತ್ರ ಬೇಡ, ತಿರುಗುವ ಬಿಟ್‌ಗೆ ಸಿಕ್ಕರೆ ಕೈಯನ್ನೂ ಎಳೆಯುತ್ತದೆ.

ಅಲ್ಯೂಮಿನಿಯಂಗೆ ಒಂದೇ ಹಲ್ಲಿನ 3 ಮಿ.ಮೀ. ಕಾರ್ಬೈಡ್ ಬಿಟ್, 16,000 ಸುತ್ತು, ನಿಮಿಷಕ್ಕೆ 400 ಮಿ.ಮೀ., ಆಳ 0.3 ಮಿ.ಮೀ. 6061 ಥರದ ಗಟ್ಟಿ ಮಿಶ್ರಲೋಹ ತಗೊಳ್ಳಿ. ಮೆತ್ತನೆಯ ಶೀಟ್ ಕರಗಿ ಬಿಟ್‌ಗೇ ಅಂಟುತ್ತದೆ. ನೇರ ಕೆಳಗೆ ಚುಚ್ಚದೆ ಇಳಿಜಾರಾಗಿ ಒಳಗೆ ಹೋಗುವ ಹಾದಿ ಆರಿಸಿ. ಗಾಳಿ ಊದಿ ಚೂರು ಹೊರಗೆ ಹಾಕುತ್ತಿರಬೇಕು, ಅದೇ ಚೂರನ್ನು ಮತ್ತೆ ಕಚ್ಚಿದರೆ ಬಿಟ್ ಮುರಿಯುತ್ತದೆ. ಪುಡಿಯಂತೆ ಬಂದರೆ ವೇಗ ಸಾಲದು. ಹೊಳೆಯುವ ಪುಟ್ಟ ಚೂರುಗಳು ಹಾರಿದರೆ ಸರಿಯಿದೆ. ಕಿರ್ ಅಂತ ಕಿರುಚಿದರೆ ಮೊದಲು ಆಳ ಕಡಿಮೆ ಮಾಡಿ, ಆಮೇಲೆ ಸುತ್ತು.

ಮೊದಲ ಕೆಲವು ಗಂಟೆ ಕೆಲಸ ಆದ ಮೇಲೆ ಎಲ್ಲ ಬೋಲ್ಟ್ ಮತ್ತೆ ಬಿಗಿಯಿರಿ, ಕಪ್ಲಿಂಗಿನ ಚಿಕ್ಕ ಸ್ಕ್ರೂಗಳನ್ನಂತೂ ತಪ್ಪದೆ. ರೈಲು ಮತ್ತು ಬಾಲ್ ಸ್ಕ್ರೂ ಒರೆಸಿ ಎಣ್ಣೆ ಹಚ್ಚಿ. ಕರ್ಣ ಇನ್ನೊಮ್ಮೆ ಅಳೆಯಿರಿ, ಹೊಸ ಚೌಕಟ್ಟು ಸ್ವಲ್ಪ ಕೂತುಕೊಂಡಿರುತ್ತದೆ.